ಬ್ಯಾಂಕು ಹುಟ್ಟಿದ ಮನೆ, ಕಲ್ಲಿನ ಗೋಡೆ ಮತ್ತು ನಮ್ಮ ಠೇವಣಿ

ಕೊಳೆರೋಗದ ಬಗ್ಗೆ ಹೋದ ವಾರ ಬರೆದದ್ದಕ್ಕೆ ತುಂಬ ಜನ ಪ್ರಶ್ನೆ ಕೇಳಿದ್ದೀರಿ. ಅದಕ್ಕೆ ಬೇರೆಯೇ ಬರೀತೇನೆ. ಇವತ್ತಿನ ಬರಹ ತೋಟದ್ದಲ್ಲ, ದುಡ್ಡಿನದ್ದು. ಮಳೆ ಹಿಡಿದು ಕೂತಿದೆ, ಮದ್ದು ಬಿಡ್ಲಿಕ್ಕೆ ಆಗ್ಲಿಕ್ಕಿಲ್ಲ, ಹಾಗಾಗಿ ಸ್ವಲ್ಪ ಉದ್ದ ಬರೆಯುವ ಅಂತ ಕೂತೆ. ನಮ್ಮ ಊರಿನ ಕೆಲವರ ಹಣ ಈಗ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ನಿಮಗೆ ಗೊತ್ತೇ ಉಂಟು. ಅಲ್ಲಿಗೆ ಬರುವ ಮೊದಲು ನೂರಿಪ್ಪತ್ತು ವರ್ಷ ಹಿಂದೆ ಹೋಗಬೇಕು.

ಉಡುಪಿ ಪೇಟೆಯಲ್ಲಿ ಒಂದು ಹಳೆ ಕಾಲದ ಮನೆ ಉಂಟು. ಈಗ ಅದರೊಳಗೆ ನಾಣ್ಯ ಸಂಗ್ರಹಾಲಯ. ಎರಡು ಸಾವಿರ ವರ್ಷಕ್ಕೂ ಹಳೆಯ ನಾಣ್ಯದಿಂದ ಹಿಡಿದು ನಾವು ಸಣ್ಣವರಿದ್ದಾಗ ಕಡ್ಲೆ ತಗೊಂಡ ಪೈಸೆವರೆಗೆ ಎಲ್ಲ ಇಟ್ಟಿದ್ದಾರೆ. ಶಾಲೆ ಮಕ್ಕಳನ್ನು ಕರ್ಕೊಂಡು ಹೋಗ್ತಾರೆ. ಆದರೆ ನನಗೆ ನಾಣ್ಯಕ್ಕಿಂತ ಆ ಮನೆಯೇ ದೊಡ್ಡ ವಿಷಯ. ಅದು ಖಾನ್ ಬಹಾದ್ದೂರ್ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರ ಮನೆ. ಉಡುಪಿಯ ಸರಕಾರಿ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆಗೆ ಅವರದ್ದೇ ಹೆಸರು, ಅದಕ್ಕೆ ಜಾಗ ದಾನ ಕೊಟ್ಟವರು ಅವರು. ನಮ್ಮ ಮನೆಗಳಲ್ಲಿ ಎಷ್ಟು ಮಕ್ಕಳು ಆ ಆಸ್ಪತ್ರೆಯಲ್ಲಿ ಹುಟ್ಟಿಲ್ಲ! ಆದರೆ ಅದೇ ಹಾಜಿ ಅಬ್ದುಲ್ಲಾ ಸಾಹೇಬರು ಒಂದು ಬ್ಯಾಂಕನ್ನೂ ಹುಟ್ಟಿಸಿದವರು ಅಂತ ಹೇಳಿದ್ರೆ ಈಗಿನ ಹುಡುಗರು ಹೌದಾ ಅಂತ ಕಣ್ಣು ಬಿಡ್ತಾರೆ. ಕಾರ್ಪೊರೇಷನ್ ಬ್ಯಾಂಕು ಶುರುವಾದದ್ದು ಅಲ್ಲಿಂದ.

1906ರ ಫೆಬ್ರವರಿ 19ಕ್ಕೆ ಅವರು ಸಾರ್ವಜನಿಕರಿಗೆ ಒಂದು ಮನವಿ ಹೊರಡಿಸಿದರು. ಜಾತಿ ಮತ ನೋಡದೆ ಎಲ್ಲ ವರ್ಗದ ಜನರಲ್ಲಿ ಉಳಿತಾಯದ ಅಭ್ಯಾಸ ಬೆಳೆಸಬೇಕು, ಇದೇ ನಿಜವಾದ ಸ್ವದೇಶಿ ಕೆಲಸ, ದೇಶದ ಮೇಲೆ ಪ್ರೀತಿ ಇದ್ದವರು ಮುಂದೆ ಬನ್ನಿ ಅಂತ ಅದರ ಸಾರಾಂಶ. ಹಿಂದಿನ ವರ್ಷವಷ್ಟೇ ಬಂಗಾಳ ಒಡೆದು, ಸ್ವದೇಶಿ ಗಾಳಿ ದೇಶ ಇಡೀ ಬೀಸ್ತಾ ಇದ್ದ ಕಾಲ ಅದು. ಮಾರ್ಚ್ 12ಕ್ಕೆ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ (ಉಡಿಪಿ) ಲಿಮಿಟೆಡ್ ಅಂತ ಬಾಗಿಲು ತೆರೆಯಿತು. ಅಸಲು ಬಂಡವಾಳ 5000 ರೂಪಾಯಿ. ಮೊದಲ ದಿನ ಸಂಜೆ ಲೆಕ್ಕ ಮುಗಿಸುವಾಗ ಕೈಯಲ್ಲಿದ್ದ ಮೊತ್ತ 38 ರೂಪಾಯಿ 13 ಆಣೆ 2 ಪೈ.

ಆ ಎರಡು ಪೈ ನೋಡಿ ನನಗೆ ಖುಷಿಯಾಗ್ತದೆ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಅಂದರೆ ರೂಪಾಯಿಯ 192ರಲ್ಲಿ ಒಂದು ಭಾಗ ಒಂದು ಪೈ. ಅದನ್ನೂ ಬಿಡದೆ ಪುಸ್ತಕಕ್ಕೆ ಹತ್ತಿಸಿದ್ದಾರೆ. ನಮ್ಮ ಕೆಲವು ಸಂಘಗಳ ಲೆಕ್ಕ ನೋಡಿದವರಿಗೆ ಇದರ ಬೆಲೆ ಗೊತ್ತಾಗ್ತದೆ.

ಅದೇ ವರ್ಷ ಜುಲೈ 1ಕ್ಕೆ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಶುರು ಮಾಡಿದರು, ಅದೇ ಮುಂದೆ ಕೆನರಾ ಬ್ಯಾಂಕ್. ಆಗ ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯದ್ದು. ಅದೇ ಅಕ್ಟೋಬರಿನಲ್ಲಿ ಮದ್ರಾಸಿನ ಆರ್ಬತ್ನಾಟ್ ಕಂಪೆನಿ ಮುಳುಗಿತು. ಇಂಗ್ಲಿಷರದ್ದು, ದೊಡ್ಡ ಹೆಸರಿನದ್ದು, ಸಾವಿರಾರು ಜನರ ಉಳಿತಾಯ ಅಲ್ಲಿತ್ತು. ಸ್ವಲ್ಪ ಯೋಚನೆ ಮಾಡಿ: ನಿಮ್ಮ ಹತ್ರ ನೂರು ರೂಪಾಯಿ ಉಂಟು, ಮದ್ರಾಸಿನ ದೊಡ್ಡ ದೊರೆಗಳ ಬ್ಯಾಂಕೇ ಮುಳುಗಿದೆ ಅಂತ ಸುದ್ದಿ ಬಂದಿದೆ, ಉಡುಪಿಯಲ್ಲಿ ಒಬ್ಬರು ಸಾಹೇಬರು ಏಳು ತಿಂಗಳ ಹಿಂದೆ ಒಂದು ಬ್ಯಾಂಕು ಶುರು ಮಾಡಿದ್ದಾರೆ. ಹಣ ಇಡ್ತೀರಾ? ಎಂತ ನೋಡಿ ಇಡ್ತೀರಿ?

ಆಗ ಠೇವಣಿಗೆ ವಿಮೆ ಇಲ್ಲ. ರಿಸರ್ವ್ ಬ್ಯಾಂಕು ಇಲ್ಲ, ಅದು ಬಂದದ್ದು 1935ರಲ್ಲಿ. ಬ್ಯಾಲೆನ್ಸ್ ಶೀಟು ಓದುವವರು ಊರಲ್ಲಿ ನಾಲ್ಕು ಜನ. ಹಾಗಾಗಿ ಜನ ನೋಡ್ತಿದ್ದದ್ದು ಎರಡೇ. ಮನುಷ್ಯ ಯಾರು? ಅವನ ಮನೆ ಯಾವುದು? ಪೇಟೆಯ ನಡುವೆ ದೊಡ್ಡ ಮನೆ ಕಟ್ಟಿ ಕೂತವನು ರಾತ್ರಿ ಗಂಟು ಕಟ್ಟಿಕೊಂಡು ಓಡ್ಲಿಕ್ಕಿಲ್ಲ. ಹೆಂಡತಿ ಮಕ್ಕಳು ಅಲ್ಲೇ, ವ್ಯಾಪಾರ ಅಲ್ಲೇ, ಸತ್ತರೆ ಮಣ್ಣು ಸೇರುವುದೂ ಅಲ್ಲೇ. ಬೆಳಿಗ್ಗೆ ಎದ್ದು ಆ ಮನೆ ಎದುರಿನಿಂದ ಹಾದು ಹೋದರೆ ಸಾಕು, ನಮ್ಮ ಹಣ ಅಲ್ಲೇ ಉಂಟು ಅಂತ ಸಮಾಧಾನ. ಸಾಹುಕಾರರು ದೊಡ್ಡ ಮನೆ ಕಟ್ಟಿದ್ದು ಬರೀ ಡೌಲಿಗೆ ಅಂತ ನಾವು ತಿಳಿದಿದ್ದೇವೆ. ಡೌಲೂ ಇತ್ತು, ಇಲ್ಲ ಅಂತ ಅಲ್ಲ. ಆದರೆ ಲೇವಾದೇವಿ ಮಾಡುವವನಿಗೆ ಮನೆ ಅಂದರೆ ಗ್ಯಾರಂಟಿ ಪತ್ರ. ಕಲ್ಲಿನಲ್ಲಿ ಬರೆದದ್ದು.

ಕಲ್ಲು ಅಂದೆ. ನಮ್ಮ ಕರಾವಳಿಯಲ್ಲಿ ಆ ಕಾಲದ ದೊಡ್ಡ ಮನೆ ಅಂದರೆ ಮುರಕಲ್ಲು, ಸುಣ್ಣ, ಮರ, ಮೇಲೆ ಹಂಚು. ಮುರಕಲ್ಲು ನಮಗೆ ದಿನಾ ನೋಡಿ ಸದರ ಆಗಿದೆ, ಆದರೆ ಅದು ವಿಚಿತ್ರದ ಕಲ್ಲು ಮಾರಾಯ್ರೆ. ನೆಲದಲ್ಲಿ ಇರುವಾಗ ಮೆದು, ಕೊಡಲಿಯ ಹಾಗಿನ ಹತ್ಯಾರಿನಲ್ಲಿ ಕಡಿಯಬಹುದು. ಹೊರಗೆ ತೆಗೆದು ಗಾಳಿ ಬಿಸಿಲಿಗೆ ಒಡ್ಡಿದ ಮೇಲೆ ಗಟ್ಟಿಯಾಗ್ತಾ ಹೋಗ್ತದೆ. ಬುಕಾನನ್ ಅಂತ ಇಂಗ್ಲಿಷರ ಕಡೆಯ ಒಬ್ಬ ವೈದ್ಯ ಟಿಪ್ಪು ಸತ್ತ ಮೇಲೆ ಮೈಸೂರು, ಕೆನರಾ, ಮಲಬಾರು ಸುತ್ತಿ 1807ರಲ್ಲಿ ಪುಸ್ತಕ ಬರೆದ. ಈ ಕಲ್ಲಿಗೆ ಲ್ಯಾಟರೈಟ್ ಅಂತ ಹೆಸರು ಕೊಟ್ಟವನು ಅವನೇ, ಕೇರಳದ ಅಂಗಡಿಪುರದಲ್ಲಿ ನೋಡಿ. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗೆ ಇರುವ ಶಬ್ದದಿಂದ ತೆಗೆದದ್ದು. ನೆಲದಿಂದಲೇ ಇಟ್ಟಿಗೆ ಕಡಿದು ತೆಗೆಯುವ ಊರು ಅಂತ ಅವನಿಗೆ ಆಶ್ಚರ್ಯ ಆಗಿರಬೇಕು. ಸುಣ್ಣಕ್ಕೆ ನಮ್ಮಲ್ಲಿ ಹೊಳೆ ಸಮುದ್ರದ ಚಿಪ್ಪು ಸುಡ್ತಿದ್ದರು. ಹಂಚು ಮಂಗಳೂರಿನದ್ದು, ಬಾಸೆಲ್ ಮಿಶನಿನವರು 1865ರಲ್ಲಿ ಕಾರ್ಖಾನೆ ಹಾಕಿದ ಮೇಲೆ.

ಇದೆಲ್ಲ ಖರ್ಚಿನ ಸಾಮಾನು. ಹಾಗಾದರೆ ಕಲ್ಲಿನ ಮನೆ ಯಾರು ಕಟ್ಟಿದರು? ಯಾರಿಗೆ ತಾನು ಕೂತ ನೆಲ ತನ್ನದೇ ಅಂತ ಧೈರ್ಯ ಇತ್ತೋ ಅವರು. ವರ್ಗದಾರರು, ಮೂಲಗೇಣಿ ಇದ್ದವರು, ಪೇಟೆಯ ವ್ಯಾಪಾರಸ್ಥರು. ನನ್ನ ಅಜ್ಜ ಚಾಲಗೇಣಿ ಒಕ್ಕಲು. ಮೂಲಗೇಣಿ ಅಂದರೆ ಗೇಣಿ ಖಾಯಂ, ಎಬ್ಬಿಸುವ ಹಾಗಿಲ್ಲ. ಚಾಲಗೇಣಿ ಅಂದರೆ ಧನಿಗಳ ಮನಸ್ಸು ಇದ್ದಷ್ಟು ದಿನ. ವರ್ಷಕ್ಕೆ ಇಂತಿಷ್ಟು ಮುಡಿ ಅಕ್ಕಿ ಅಳೆಯಬೇಕು. ಮುಡಿ ಅಂದರೆ ಮೂರು ಕಳಸಿಗೆ, 42 ಸೇರು, ಹುಲ್ಲಿನಲ್ಲಿ ಕಟ್ಟಿ ತಲೆ ಮೇಲೆ ಹೊತ್ತು ಧನಿಗಳ ಅಂಗಳದಲ್ಲಿ ಇಳಿಸುವುದು. ಯಾವಾಗ ಬಿಟ್ಟು ಹೋಗು ಅಂತಾರೋ ಗೊತ್ತಿಲ್ಲದವನು ಮುರಕಲ್ಲು ಕಟ್ಟಿಸ್ತಾನಾ? ಮಣ್ಣಿನ ಗೋಡೆ, ಮೇಲೆ ಮುಳಿಹುಲ್ಲು. ಎಬ್ಬಿಸಿದರೆ ಬಾಗಿಲ ಚೌಕಟ್ಟು ಕಿತ್ತುಕೊಂಡು ಹೊರಡಬಹುದು. ನಮ್ಮ ಕಡೆ ಬೈಲಿನ ಅಂಚಿನಲ್ಲಿ ಮಣ್ಣಿನ ಮನೆಗಳು, ಎತ್ತರದ ಜಾಗದಲ್ಲಿ ಕಲ್ಲಿನ ಮನೆ ಒಂದು, ಇದು ಬಡವ ಶ್ರೀಮಂತ ಅನ್ನುವುದಕ್ಕಿಂತ ಜಾಸ್ತಿ, ಯಾರಿಗೆ ನಾಳೆ ಉಂಟು ಯಾರಿಗೆ ಇಲ್ಲ ಅನ್ನುವ ಲೆಕ್ಕ.

ಈಗ ಬ್ಯಾಂಕಿನ ಕಡೆಯಿಂದ ನೋಡಿ. ಸಾಲ ಕೊಡುವವನಿಗೂ ಭದ್ರತೆ ಬೇಕು. ಅಡವು ಇಡ್ಲಿಕ್ಕೆ ಚಾಲಗೇಣಿಯವನ ಹತ್ರ ಎಂತ ಉಂಟು? ಗದ್ದೆ ಧನಿಗಳದ್ದು, ಮನೆ ಮಣ್ಣಿನದ್ದು, ಬೆಳೆಯಲ್ಲಿ ದೊಡ್ಡ ಪಾಲು ಗೇಣಿಗೆ. ಹೆಂಡತಿ ಕಿವಿಯ ಬೆಂಡೋಲೆ ಒಂದು ಬಿಟ್ಟರೆ ಬೇರೆ ಇಲ್ಲ. ಹಾಗಾಗಿ ಜಾತಿ ಮತ ಇಲ್ಲದೆ ಎಲ್ಲರಿಗೂ ಅಂತ ಹಾಜಿ ಸಾಹೇಬರು ಹೇಳಿದ್ದು ಮನಸ್ಸಿನಿಂದಲೇ ಹೇಳಿದ್ದು ಅಂತ ನಾನು ನಂಬ್ತೇನೆ, ಆದರೆ ನನ್ನ ಅಜ್ಜನಂಥವರಿಗೆ ಆ ಬಾಗಿಲು ಹತ್ತಿರವೇ ಇದ್ದರೂ ಮೆಟ್ಟಿಲು ಎತ್ತರ ಇತ್ತು. ಅದು ಸಾಹೇಬರ ತಪ್ಪಲ್ಲ. ಭೂಮಿಯ ಕಾನೂನು ಹಾಗಿತ್ತು.

ಬೇರೆ ಊರುಗಳಲ್ಲಿ ಈ ಕಲ್ಲಿನ ಮನೆಯ ಕತೆ ಇನ್ನೂ ಜೋರು. ರಾಜಸ್ಥಾನದ ಮರುಭೂಮಿ ಅಂಚಿನ ಜೈಸಲ್ಮೇರಿನಲ್ಲಿ ಗುಮಾನ್ ಚಂದ್ ಪಟ್ವಾ ಅಂತ ಒಬ್ಬ ಸಾಹುಕಾರ, ಜರತಾರಿ ವ್ಯಾಪಾರ, ಲೇವಾದೇವಿ ಎರಡೂ. 1805ರಲ್ಲಿ ಶುರು ಮಾಡಿ ಐದು ಮಕ್ಕಳಿಗೆ ಸಾಲಾಗಿ ಐದು ಹವೇಲಿ. ಹಳದಿ ಕಲ್ಲಿನಲ್ಲಿ ಮರದ ಕೆತ್ತನೆ ಹಾಗೆ ಕೆತ್ತಿಸಿದ್ದಾರೆ. ಮುಗಿಯುವಾಗ ಐವತ್ತು ವರ್ಷಕ್ಕೂ ಮೇಲೆ. ಒಂಟೆ ಮೇಲೆ ಬಂದ ವ್ಯಾಪಾರಿ ಆ ಮನೆ ನೋಡಿಯೇ ಹುಂಡಿ ನಂಬ್ತಿದ್ದ ಅಂತ ಇಟ್ಕೊಳ್ಳಿ. ಬೊಂಬಾಯಿಗೆ ಹಡಗು, ಆಮೇಲೆ ರೈಲು ಬಂದು ಒಂಟೆ ದಾರಿ ಸತ್ತಿತು, ಮನೆ ಉಳಿಯಿತು. ಈಗ ಟಿಕೆಟು ತಗೊಂಡು ನೋಡಬೇಕು.

ತಮಿಳುನಾಡಿನ ಕಾರೈಕುಡಿ ಸುತ್ತಿನ ಚೆಟ್ಟಿಯಾರರದ್ದು ರೈತರಾದ ನಾವು ತಿಳಿದುಕೊಳ್ಳಬೇಕಾದ ಕತೆ. ಅವರ ಮನೆ ಕಲ್ಲಿಗಿಂತ ಇಟ್ಟಿಗೆ ಸುಣ್ಣದ್ದು, ಆದರೆ ಕಂಬಗಳು ಬರ್ಮಾದ ತೇಗದ್ದು, ಒಂದು ಬೀದಿಯಿಂದ ಆಚೆ ಬೀದಿವರೆಗೆ ಒಂದೇ ಮನೆ. ಆ ದುಡ್ಡು ಎಲ್ಲಿಂದ? ಬರ್ಮಾದ ಭತ್ತದ ಗದ್ದೆಯಿಂದ. ಅಲ್ಲಿನ ರೈತರಿಗೆ ಬೆಳೆಗೆ ಸಾಲ ಕೊಡ್ತಿದ್ದರು, ಗದ್ದೆ ಅಡವು. 1930ರ ಸುಮಾರಿಗೆ ಜಗತ್ತು ಇಡೀ ಧಾರಣೆ ಬಿತ್ತು, ಅಕ್ಕಿ ಕೇಳುವವರಿಲ್ಲ, ಸಾಲ ಕಟ್ಟಲಿಕ್ಕೆ ಆಗಲಿಲ್ಲ. ಹತ್ತು ವರ್ಷದೊಳಗೆ ಕೆಳಬರ್ಮಾದ ಭತ್ತದ ಭೂಮಿಯಲ್ಲಿ ಸುಮಾರು ನಾಲ್ಕನೇ ಒಂದು ಪಾಲು ಚೆಟ್ಟಿಯಾರರ ಕೈಗೆ ಬಂದಿತ್ತು. ಅವರಿಗೆ ಗದ್ದೆ ಬೇಕಿರಲಿಲ್ಲ, ದುಡ್ಡು ಬೇಕಿತ್ತು. ರೈತನಿಗೆ ದುಡ್ಡು ಕೊಡ್ಲಿಕ್ಕೆ ಆಗಲಿಲ್ಲ, ಗದ್ದೆ ಹೋಯ್ತು. 1942ರಲ್ಲಿ ಜಪಾನಿನವರು ಬರ್ಮಾಕ್ಕೆ ನುಗ್ಗಿದಾಗ ಎಲ್ಲ ಬಿಟ್ಟು ಓಡಿ ಬಂದರು. ಊರಲ್ಲಿ ಮನೆ ಮಾತ್ರ ಉಳಿಯಿತು. ಎಷ್ಟೋ ಮನೆಗಳ ಬಾಗಿಲು ಕಂಬಗಳನ್ನೂ ಆಮೇಲೆ ಕಿತ್ತು ಮಾರಿದ್ದಾರೆ.

ಅದೇ ಧಾರಣೆ ಕುಸಿತ ನಮ್ಮ ಮೇಲೂ ಬಂತು. ಸಾಲದಲ್ಲಿ ಮುಳುಗಿದ ರೈತರಿಗಾಗಿ ಮದ್ರಾಸ್ ಸರಕಾರ 1938ರಲ್ಲಿ ಕೃಷಿಕರ ಪರಿಹಾರ ಕಾಯಿದೆ ಅಂತಲೇ ತಂದು ಹಳೆ ಸಾಲ ಬಡ್ಡಿ ಇಳಿಸಬೇಕಾಯ್ತು. ಸಾಲಮನ್ನಾ ಈಗಿನವರು ಕಂಡುಹಿಡಿದದ್ದು ಅಂತ ಯಾರಾದರೂ ಹೇಳಿದ್ರೆ ಇದನ್ನು ತೋರಿಸಿ.

ಉಡುಪಿಯ ಬ್ಯಾಂಕು ಮಾತ್ರ ಆ ಕಾಲದಲ್ಲಿ ಬಿದ್ದು ಹೋಗಲಿಲ್ಲ. ಯಾಕೆ? ನನಗೆ ಕಾಣುವ ಒಂದು ಕಾರಣ, ಅವರು ಆತುರ ಮಾಡಲಿಲ್ಲ. 1906ರಲ್ಲಿ ಶುರುವಾದ ಬ್ಯಾಂಕು ಮೊದಲ ಶಾಖೆ ತೆರೆದದ್ದು 1923ರಲ್ಲಿ, ಕುಂದಾಪುರದಲ್ಲಿ. ಹದಿನೇಳು ವರ್ಷ ಒಂದೇ ಊರು! ಮಂಗಳೂರಿನ ರಥಬೀದಿಗೆ ಹೋದದ್ದು 1926ರಲ್ಲಿ. ಈಗ ಲೆಕ್ಕ ಹಾಕಿ, ನಮ್ಮ ಕೆಲವು ಸೊಸೈಟಿಗಳು ಐದು ವರ್ಷದಲ್ಲಿ ಎಷ್ಟು ಬ್ರಾಂಚು ಮಾಡ್ತವೆ. ಇನ್ನೊಂದು ಕಾರಣ ಅದು ಒಬ್ಬ ಸಾಹುಕಾರನ ತಿಜೋರಿ ಅಲ್ಲ, ಲಿಮಿಟೆಡ್ ಕಂಪೆನಿ. ಷೇರುದಾರರು ಉಂಟು, ಲೆಕ್ಕ ತೋರಿಸಬೇಕು. ಮನೆಯಲ್ಲಿ ಹುಟ್ಟಿದರೂ ಮನೆಯವರದ್ದು ಮಾತ್ರ ಆಗಿ ಉಳಿಯಲಿಲ್ಲ. ಸಾಹೇಬರ ದೊಡ್ಡತನ ಅದರಲ್ಲಿ ಉಂಟು ಅಂತ ನನ್ನ ಅಭಿಪ್ರಾಯ. ಜೈಸಲ್ಮೇರಿನ ಸಾಹುಕಾರ ಐದು ಮಕ್ಕಳಿಗೆ ಐದು ಮನೆ ಕಟ್ಟಿದ, ಇವರು ಮನೆಯ ಹೆಸರನ್ನು ಊರಿಗೆ ಜಾಮೀನು ಕೊಟ್ಟರು.

ಹಳ್ಳಿಯ ಕಡೆಗೆ ಬೇರೆ ದಾರಿ ಇತ್ತು. 1904ರಲ್ಲಿ ಸಹಕಾರಿ ಸಂಘಗಳ ಕಾಯಿದೆ ಬಂತು, ಮರುವರ್ಷವೇ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದರು. ನಮ್ಮ ಜಿಲ್ಲೆಯಲ್ಲಿ ಮೊಳಹಳ್ಳಿ ಶಿವರಾಯರು ಪುತ್ತೂರಿನಲ್ಲಿ 1909ರಲ್ಲಿ ಶುರು ಮಾಡಿದರು. ಆ ಕಾಯಿದೆಯಲ್ಲಿ ಒಂದು ವಿಷಯ ಇತ್ತು, ಈಗಿನವರಿಗೆ ಕೇಳಿದರೆ ಹೆದರಿಕೆ ಆದೀತು. ಹಳ್ಳಿ ಸಂಘದ ಸದಸ್ಯರದ್ದು ಮಿತಿ ಇಲ್ಲದ ಹೊಣೆ. ಸಂಘ ಮುಳುಗಿದರೆ ನಿಮ್ಮ ಷೇರು ಮಾತ್ರ ಹೋಗುವುದಲ್ಲ, ಸಾಲ ತೀರುವವರೆಗೆ ನಿಮ್ಮ ಮನೆ ಗದ್ದೆಯವರೆಗೂ ಬರಬಹುದು. ಹಾಗಾಗಿ ಪಕ್ಕದ ಮನೆಯವ ಸಾಲ ತಗೊಂಡು ಎತ್ತು ತಂದನಾ ಕೋಳಿ ಅಂಕಕ್ಕೆ ಹೋದನಾ ಅಂತ ಊರಿಡೀ ಕಣ್ಣಿಟ್ಟಿತ್ತು. ಒಬ್ಬನ ಕಲ್ಲಿನ ಮನೆಯ ಬದಲು ನೂರು ಮಣ್ಣಿನ ಮನೆ ಸೇರಿ ಗ್ಯಾರಂಟಿ.

ಆಮೇಲೆ ಪಿಗ್ಮಿ. 1925ರಲ್ಲಿ ಅದೇ ಉಡುಪಿಯಲ್ಲಿ ಡಾ. ಟಿ. ಎಂ. ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮೂವರು ಸೇರಿ ಕೆನರಾ ಇಂಡಸ್ಟ್ರಿಯಲ್ ಆಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಮಾಡಿದರು. ಬಂಡವಾಳ 8000 ರೂಪಾಯಿ, ಉದ್ದೇಶ ಕೈಮಗ್ಗದ ನೇಕಾರರಿಗೆ ಸಹಾಯ. 1928ರಲ್ಲಿ ಪಿಗ್ಮಿ ತಂದರು. ದಿನಕ್ಕೆ ಎರಡು ಆಣೆ ಇದ್ದರೂ ಸಾಕು, ಏಜೆಂಟ್ ಮನೆ ಬಾಗಿಲಿಗೇ ಬರ್ತಾನೆ. ಇದರ ಹಿಂದಿನ ಬುದ್ಧಿ ನೋಡಿ. ಜನ ಬ್ಯಾಂಕಿನ ದೊಡ್ಡ ಮೆಟ್ಟಿಲು ಹತ್ತಲಿಕ್ಕೆ ಹೆದರ್ತಾರೆ, ಹಾಗಾದರೆ ಬ್ಯಾಂಕೇ ಮಣ್ಣಿನ ಮನೆಯ ಅಂಗಳಕ್ಕೆ ಇಳಿಯಲಿ. ನನ್ನ ಅಮ್ಮ ಮಲ್ಲಿಗೆ ಕಟ್ಟಿದ ದುಡ್ಡಿನಲ್ಲಿ ದಿನಕ್ಕೆ ಒಂದು ರೂಪಾಯಿ ಪಿಗ್ಮಿಗೆ ಹಾಕ್ತಿದ್ದರು. ಅಕ್ಷರ ಗೊತ್ತಿರಲಿಲ್ಲ, ಪಾಸುಪುಸ್ತಕವನ್ನು ಅಕ್ಕಿ ಡಬ್ಬಿಯಲ್ಲಿ ಇಡ್ತಿದ್ದರು. ಅಕ್ಕನ ಮದುವೆಯ ಕರಿಮಣಿ ಅದರಲ್ಲೇ ಆದದ್ದು.

ಆದರೆ ಪಿಗ್ಮಿ ಅಂದರೆ ನಾವು ಕೊಡುವ ಹಣ. ಸಾಲ ಸಿಗುವ ಹಾಗೆ ಆದದ್ದು 1974ರ ನಂತರವೇ. ಭೂಸುಧಾರಣೆ ತಿದ್ದುಪಡಿ, ಡಿಕ್ಲರೇಶನ್, ಭೂನ್ಯಾಯ ಮಂಡಳಿ. ನನಗೆ ಆಗ ನಾಲ್ಕೈದು ವರ್ಷ. ಅಪ್ಪ ಡಿಕ್ಲರೇಶನ್ ಕೊಟ್ಟ ಮೇಲೆ ಧನಿಗಳ ಮನೆಗೆ ಹೋಗುವ ದಾರಿ ಬಿಟ್ಟು ಗದ್ದೆ ಹುಣಿಯ ಮೇಲೆ ಸುತ್ತಿ ಹೋಗ್ತಿದ್ದದ್ದು ಮಾತ್ರ ನೆನಪುಂಟು. ಎರಡು ಕಡೆಯೂ ಕಷ್ಟ ಇತ್ತು, ಸಣ್ಣ ಧನಿಗಳು ಕೆಲವರು ನಿಜವಾಗಿ ಬೀದಿಗೆ ಬಂದರು, ಅದನ್ನೂ ಹೇಳಬೇಕು. ಒಟ್ಟಿನಲ್ಲಿ ಭೂಮಿಯ ಕಾಗದ ನಮ್ಮ ಹೆಸರಿಗೆ ಬಂತು. ಅಷ್ಟರಲ್ಲಿ 1969ರ ಜುಲೈ 19ಕ್ಕೆ ಕೆನರಾ, ಸಿಂಡಿಕೇಟ್ ಎರಡೂ ಸರಕಾರದ್ದಾಗಿದ್ದವು. 1980ರ ಏಪ್ರಿಲ್ 15ಕ್ಕೆ ಕಾರ್ಪೊರೇಷನ್ ಬ್ಯಾಂಕೂ, ಎ. ಬಿ. ಶೆಟ್ಟರು 1931ರಲ್ಲಿ ರೈತರನ್ನು ಸೇರಿಸಿ ಕಟ್ಟಿದ ವಿಜಯಾ ಬ್ಯಾಂಕೂ ಆದವು. ಕೈಯಲ್ಲಿ ಆರ್‌ಟಿಸಿ ಹಿಡಿದುಕೊಂಡು ಬ್ಯಾಂಕಿನ ಮೆಟ್ಟಿಲು ಹತ್ತಿದ ಮೊದಲ ಮನುಷ್ಯ ನಮ್ಮ ಮನೆಯಲ್ಲಿ ಅಪ್ಪ. ಪಂಪುಸೆಟ್ಟಿಗೆ ಸಾಲ.

ಮತ್ತೆ ನಮ್ಮ ಊರಲ್ಲಿ ಎಂತ ಆಯ್ತು ಗೊತ್ತುಂಟಾ? ಹತ್ತು ಹದಿನೈದು ವರ್ಷದೊಳಗೆ ಮುರಕಲ್ಲಿನ ಮನೆಗಳು ಎದ್ದವು. ಮಣ್ಣಿನ ಗೋಡೆ ಒಂದೊಂದಾಗಿ ಬಿದ್ದವು. ಕಲ್ಲು ಕಡಿಯುವವರಿಗೆ ಪುರುಸೊತ್ತಿಲ್ಲ. ನಮ್ಮದು 1986ರಲ್ಲಿ. ಅಪ್ಪ ಮೊದಲ ಸಾಲು ಕಲ್ಲು ಇಟ್ಟ ದಿನ ಅಜ್ಜ ಅದರ ಮೇಲೆ ಸುಮ್ಮನೆ ಕೂತಿದ್ದರು, ಊಟಕ್ಕೆ ಕರೆದರೂ ಏಳಲಿಲ್ಲ. ನಿಮ್ಮ ಮನೆ ಗೋಡೆ ಯಾವ ವರ್ಷದ್ದು ಅಂತ ಮನೆಯ ಹಿರಿಯರಲ್ಲಿ ಕೇಳಿ. ಒಕ್ಕಲು ಮನೆಯವರಾದರೆ ಹೆಚ್ಚಿನವರದ್ದು 1974ರಿಂದ ಈಚೆಯದ್ದೇ ಇರ್ತದೆ.

ಇನ್ನು ಠೇವಣಿ ವಿಷಯ. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕು ಮುಳುಗಿತು. ಅದೂ ಸಣ್ಣ ಊರಿನಲ್ಲಿ ಹುಟ್ಟಿ ದೊಡ್ಡದಾದದ್ದೇ. ಆ ಗಲಾಟೆಯ ನಂತರ 1962ರ ಜನವರಿ 1ರಿಂದ ಠೇವಣಿ ವಿಮೆ ಬಂತು. ಬ್ಯಾಂಕು ಮುಳುಗಿದರೂ ಒಬ್ಬರಿಗೆ 1500 ರೂಪಾಯಿವರೆಗೆ ಖಾತ್ರಿ. ಏರುತ್ತಾ ಏರುತ್ತಾ 1993ರಲ್ಲಿ 1 ಲಕ್ಷ, 2020ರ ಫೆಬ್ರವರಿಯಿಂದ 5 ಲಕ್ಷ. ಅಲ್ಲಿಗೆ ಸಾಹುಕಾರನ ಮನೆ ನೋಡಿ ಹಣ ಇಡುವ ಅಗತ್ಯ ಮುಗಿಯಿತು. ಕಲ್ಲಿನ ಗೋಡೆಯ ಕೆಲಸವನ್ನು ಒಂದು ಕಾಯಿದೆ ಮಾಡ್ಲಿಕ್ಕೆ ಶುರು ಮಾಡಿತು. ಅದಕ್ಕೇ ಇರಬೇಕು, 2019ರಲ್ಲಿ ವಿಜಯಾ ಬ್ಯಾಂಕು ಬರೋಡಾಕ್ಕೆ, 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟು ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ ಸೇರಿದಾಗ ನಮಗೆ ಬೇಜಾರಾಯ್ತು, ಆದರೆ ಹೆದರಿಕೆ ಆಗಲಿಲ್ಲ. ಉಡುಪಿಯಲ್ಲಿ ಹುಟ್ಟಿದ ಎರಡು ಬ್ಯಾಂಕಿನ ಹೆಸರೂ ಒಂದೇ ದಿನ ಹೋಯ್ತು. ಪಾಸುಪುಸ್ತಕ ಬದಲಾಯ್ತು, ಐಎಫ್‌ಎಸ್‌ಸಿ ಬದಲಾಯ್ತು, ಹಣ ಎಲ್ಲಿಗೂ ಹೋಗಲಿಲ್ಲ. ಆದರೆ ಈಗ ಕೌಂಟರಿನಲ್ಲಿ ಕೂತವರಿಗೆ ನಮ್ಮ ಭಾಷೆ ಗೊತ್ತಿರುವುದಿಲ್ಲ, ಎರಡು ವರ್ಷಕ್ಕೆ ವರ್ಗ, ಅಡಿಕೆಗೂ ತೆಂಗಿಗೂ ಸಾಲದ ಕಂತು ಯಾವ ತಿಂಗಳಿಗೆ ಅನುಕೂಲ ಅಂತ ಅವರಿಗೆ ಹೇಳಿ ತಿಳಿಸುವುದು ದೊಡ್ಡ ಕೆಲಸ. ನಾವು ಮೆಟ್ಟಿಲು ಹತ್ತುವಷ್ಟರಲ್ಲಿ ಒಳಗಿದ್ದ ಪರಿಚಯದವರು ಎದ್ದು ಹೋಗಿದ್ದರು.

ಹಾಗಾಗಿಯೇ ನಮ್ಮವರು ಊರ ಸೊಸೈಟಿಗಳಿಗೆ ಹೋದದ್ದು. ಅಲ್ಲಿ ತುಳು ಮಾತಾಡ್ತಾರೆ, ಹೆಸರು ಹಿಡಿದು ಕರೀತಾರೆ, ಚಾ ಕೊಡ್ತಾರೆ, ಬಡ್ಡಿ ಬ್ಯಾಂಕಿಗಿಂತ ಎರಡು ಪರ್ಸೆಂಟ್ ಜಾಸ್ತಿ. ಒಳ್ಳೆ ಸಂಘಗಳು ತುಂಬ ಉಂಟು, ನಾನೇ ಎರಡರಲ್ಲಿ ಸದಸ್ಯ. ಆದರೆ ಹೋದ ವರ್ಷ ಬಾಗಿಲು ಹಾಕಿದ ಸಂಘದ್ದು ನಿಮಗೆ ಗೊತ್ತುಂಟು, ಹೆಸರು ಬರೆಯುವುದಿಲ್ಲ. ನಮ್ಮ ಪಕ್ಕದ ಮನೆಯ ದೊಡ್ಡಮ್ಮ ಗಂಡ ಸತ್ತ ಮೇಲೆ ಬಂದ ಹಣ ಪೂರ್ತಿ ಅಲ್ಲೇ ಇಟ್ಟಿದ್ದರು. ಯಾಕೆ ಅಲ್ಲಿ ಇಟ್ಟದ್ದು ದೊಡ್ಡಮ್ಮ ಅಂತ ಕೇಳಿದೆ. "ಎಂತ ಗೊತ್ತು ಮಗಾ, ಕಟ್ಟಡ ನೋಡಿದ್ರೆ ಎಷ್ಟು ಗಟ್ಟಿ ಉಂಟು, ಎದುರು ಪೂರ್ತಿ ಕಲ್ಲು" ಅಂದರು.

ಅದು ಗ್ರಾನೈಟು. ಅರ್ಧ ಇಂಚು ದಪ್ಪದ್ದು, ಸಿಮೆಂಟಿನಲ್ಲಿ ಅಂಟಿಸಿದ್ದು. ಕಟ್ಟಡ ಬಾಡಿಗೆಯದ್ದು.

ದೊಡ್ಡಮ್ಮ ದಡ್ಡಿ ಅಲ್ಲ. ಅವರು ನೋಡಿದ್ದು ನಮ್ಮ ಅಜ್ಜಂದಿರು ನೋಡ್ತಿದ್ದದ್ದನ್ನೇ, ಗಟ್ಟಿ ಕಲ್ಲು ಉಂಟಾ ಅಂತ. ಹಾಜಿ ಸಾಹೇಬರ ಕಾಲದಲ್ಲಿ ಆ ಲೆಕ್ಕ ಸರಿ ಇತ್ತು, ಯಾಕಂದ್ರೆ ಗೋಡೆಯ ಹಿಂದೆ ಅವರೇ ಇದ್ದರು. ಗ್ರಾನೈಟಿನ ಹಿಂದೆ ಯಾರೂ ಇಲ್ಲ. ಮತ್ತೆ ಮೇಲೆ ಹೇಳಿದೆನಲ್ಲ 5 ಲಕ್ಷದ ವಿಮೆ, ಅದು ರಿಸರ್ವ್ ಬ್ಯಾಂಕಿನ ಪರವಾನಿಗೆ ಇರುವ ಬ್ಯಾಂಕುಗಳಿಗೆ ಮಾತ್ರ. ಜಿಲ್ಲಾ ಸಹಕಾರಿ ಬ್ಯಾಂಕು, ಪರವಾನಿಗೆ ಇರುವ ಅರ್ಬನ್ ಸಹಕಾರಿ ಬ್ಯಾಂಕು ಇದರಲ್ಲಿ ಸೇರ್ತವೆ. ನಮ್ಮ ವ್ಯವಸಾಯ ಸೇವಾ ಸಹಕಾರಿ ಸಂಘ, ಸೌಹಾರ್ದ, ಪತ್ತಿನ ಸಂಘ ಇವು ಸೇರುವುದಿಲ್ಲ. ಅಂದರೆ ಅಲ್ಲಿ ಹಣ ಇಡುವವರು ಇವತ್ತಿಗೂ 1906ರಲ್ಲೇ ಇದ್ದೀರಿ ಅಂತ ತಿಳಿಯಿರಿ. ಜನ ನೋಡಿ ಇಡಬೇಕು.

ಜನ ನೋಡುವುದು ಅಂದರೆ ನಿರ್ದೇಶಕರ ಕಾರು ನೋಡುವುದಲ್ಲ. ಲೆಕ್ಕಪರಿಶೋಧನೆಯಲ್ಲಿ ಸಂಘಕ್ಕೆ ಎ ಬಂದಿದೆಯಾ, ಬಿ, ಸಿಯಾ? ವಾಯಿದೆ ದಾಟಿದ ಸಾಲ ಎಷ್ಟು? ದೊಡ್ಡ ಸಾಲ ತಗೊಂಡ ಹತ್ತು ಜನರಲ್ಲಿ ನಿರ್ದೇಶಕರ ನೆಂಟರು ಎಷ್ಟು? ವಾರ್ಷಿಕ ವರದಿ ಪುಸ್ತಕ ಮನೆಗೆ ಬರ್ತದೆ, ನಾವು ಅದರಲ್ಲಿ ಅಧ್ಯಕ್ಷರ ಫೋಟೋ ನೋಡಿ ಬದಿಗಿಡ್ತೇವೆ. ಈ ಸಲ ಹಿಂದಿನ ಪುಟಗಳನ್ನು ನೋಡಿ. ಅರ್ಥ ಆಗದಿದ್ದರೆ ನನ್ನ ಹತ್ರ ತನ್ನಿ, ನನಗೂ ಎಸ್ಸೆಸ್ಸೆಲ್ಸಿ ಲೆಕ್ಕವೇ ಬರುವುದು, ಆದರೆ ಇಬ್ಬರು ಕೂತರೆ ಅರ್ಥ ಆಗ್ತದೆ. ನಮ್ಮ ಸಂಘದ ಮಹಾಸಭೆ ಸೆಪ್ಟೆಂಬರಿನಲ್ಲಿ. ಊಟಕ್ಕೆ ಹನ್ನೆರಡೂವರೆಗೆ ಬರುವುದಲ್ಲ, ಲೆಕ್ಕಪತ್ರ ಓದುವುದು ಹತ್ತೂವರೆಗೆ, ಆಗ ಬನ್ನಿ. ದೊಡ್ಡಮ್ಮನವರನ್ನು ನಾನು ಕರ್ಕೊಂಡು ಬರ್ತೇನೆ.